ವಿದೇಶಿ ವಿಶ್ವವಿದ್ಯಾಲಯದ ಅರ್ಜಿಗೆ ವೈಯಕ್ತಿಕ ಪ್ರಬಂಧ ಬರೆಯುವುದು ಹೇಗೆ: ಪಿಯು ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಕರ್ನಾಟಕದಲ್ಲಿ ಪಿಯುಸಿ ಓದುವ ವಿದ್ಯಾರ್ಥಿಗೆ ಪ್ರವೇಶವೆಂದರೆ ಅಂಕ ಮತ್ತು ರ್‍ಯಾಂಕ್. ಸಿಇಟಿ, ನೀಟ್, ಜೆಇಇ ಇವುಗಳಲ್ಲಿ ಯಾವುದೂ ಅಭ್ಯರ್ಥಿಯನ್ನು ಆತನ ಬದುಕಿನ ಬಗ್ಗೆ ಒಂದು ವಾಕ್ಯವನ್ನೂ ಕೇಳುವುದಿಲ್ಲ. ಹೀಗೆ ಬೆಳೆದು ಬಂದ ವಿದ್ಯಾರ್ಥಿ ಅಮೆರಿಕದ ಕಾಲೇಜಿನ ಅರ್ಜಿ ತೆರೆದು, ಅಲ್ಲಿ ತನ್ನ ಬಗ್ಗೆ 650 ಪದಗಳಲ್ಲಿ ಬರೆಯಬೇಕೆಂಬುದನ್ನು ಕಂಡಾಗ ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾನೆ. ಒಂದೋ ತಾನು ಗೆದ್ದ ಬಹುಮಾನಗಳನ್ನೆಲ್ಲ ಜೋಡಿಸಿ ಬಯೋಡೇಟಾವನ್ನೇ ಪ್ರಬಂಧದ ರೂಪದಲ್ಲಿ ಬರೆಯುತ್ತಾನೆ, ಇಲ್ಲವೇ ಮನೆಯ ಕಷ್ಟಗಳನ್ನು ಹೇಳಿಕೊಂಡು ಮನವಿಪತ್ರದಂಥದ್ದೊಂದನ್ನು ಬರೆಯುತ್ತಾನೆ. ಇವೆರಡರಿಂದಲೂ ಓದುವವರಿಗೆ ಈ ವಿದ್ಯಾರ್ಥಿ ಹೇಗೆ ಯೋಚಿಸುತ್ತಾನೆ ಎಂಬುದು ತಿಳಿಯುವುದಿಲ್ಲ. ಪ್ರಬಂಧ ಕೇಳುವುದು ಅದನ್ನು ತಿಳಿಯುವುದಕ್ಕಾಗಿಯೇ.

ನಮ್ಮ ಪದವಿಪೂರ್ವ ಕಾಲೇಜುಗಳ ಮಕ್ಕಳಿಗೆ ಈ ಪ್ರಬಂಧದ ಭಾರ ಇನ್ನೂ ಹೆಚ್ಚು. ಅಮೆರಿಕದ ಶಾಲೆಗಳಲ್ಲಿ ವಿದ್ಯಾರ್ಥಿಯ ಪರಿಚಯವಿರುವ ಕೌನ್ಸೆಲರ್ ಒಬ್ಬರು ಆತನ ಪರವಾಗಿ ವಿವರವಾದ ಪತ್ರ ಬರೆಯುತ್ತಾರೆ. ನಮ್ಮಲ್ಲಿ ಆ ಕೆಲಸ ಬಹುತೇಕ ಪ್ರಾಂಶುಪಾಲರ ಮೇಲೆ ಬೀಳುತ್ತದೆ. ನೂರಾರು ಮಕ್ಕಳ ಕಾಲೇಜಿನಲ್ಲಿ, ಎರಡೇ ವರ್ಷ ಕಂಡ ಹುಡುಗಿಯ ಬಗ್ಗೆ ಅವರು ‘ಸನ್ನಡತೆಯವಳು, ಪರಿಶ್ರಮಿ’ ಎಂಬುದಕ್ಕಿಂತ ಹೆಚ್ಚು ಬರೆಯಲಾರರು. ಅಲ್ಲಿ ಉಳಿದುಹೋದ ಜಾಗವನ್ನು ವಿದ್ಯಾರ್ಥಿಯೇ ತನ್ನ ಬರವಣಿಗೆಯಿಂದ ತುಂಬಬೇಕಾಗುತ್ತದೆ.

ಮೊದಲು, ಯಾರು ಏನು ಕೇಳುತ್ತಾರೆ ಎಂಬುದನ್ನು ತಿಳಿದುಕೊಳ್ಳಿ

ಎಲ್ಲ ದೇಶಗಳಿಗೂ ಒಂದೇ ಪ್ರಬಂಧ ಸಲ್ಲುವುದಿಲ್ಲ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ‘ಕಾಮನ್ ಆ್ಯಪ್’ ಅರ್ಜಿಯಲ್ಲಿ ಒಂದು ಮುಖ್ಯ ಪ್ರಬಂಧವಿದ್ದು, ಅದು 250 ಪದಗಳಿಗೆ ಕಡಿಮೆಯಿರಬಾರದು, 650 ಪದಗಳನ್ನು ಮೀರಬಾರದು. ಅಲ್ಲಿ ಏಳು ಪ್ರಶ್ನೆಗಳನ್ನು ಕೊಟ್ಟು ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ: ನಿಮ್ಮ ಹಿನ್ನೆಲೆ ಅಥವಾ ಆಸಕ್ತಿ, ಎದುರಾದ ಸೋಲು ಅಥವಾ ಅಡ್ಡಿ, ನೀವು ಪ್ರಶ್ನಿಸಿದ ಒಂದು ನಂಬಿಕೆ, ಯಾರೋ ಮಾಡಿದ ಉಪಕಾರ, ನಿಮ್ಮನ್ನು ಬೆಳೆಸಿದ ಘಟನೆ, ಹೊತ್ತು ಹೋದದ್ದೇ ತಿಳಿಯದಂತೆ ನಿಮ್ಮನ್ನು ಹಿಡಿದಿಡುವ ವಿಷಯ, ಮತ್ತು ಕೊನೆಯದಾಗಿ ನಿಮ್ಮದೇ ಆಯ್ಕೆಯ ಯಾವುದೇ ವಿಷಯ. ಏಳನೆಯ ಪ್ರಶ್ನೆ ಎಲ್ಲಕ್ಕೂ ಬಾಗಿಲು ತೆರೆದಿಟ್ಟಿರುವುದರಿಂದ ಪ್ರಶ್ನೆಯನ್ನು ಮೊದಲು ಆರಿಸಿಕೊಂಡು ಒದ್ದಾಡಬೇಕಾಗಿಲ್ಲ. ಹೇಳಬೇಕಾದದ್ದನ್ನು ಮೊದಲು ಕಂಡುಕೊಂಡು, ಅದು ಯಾವ ಪ್ರಶ್ನೆಗೆ ಹೊಂದುತ್ತದೆ ಎಂಬುದನ್ನು ಕೊನೆಯಲ್ಲಿ ನೋಡಿದರೆ ಸಾಕು. ಇದರ ಜೊತೆಗೆ ಅನೇಕ ಕಾಲೇಜುಗಳು ತಮ್ಮದೇ ಸಣ್ಣ ಪ್ರಶ್ನೆಗಳನ್ನೂ ಕೇಳುತ್ತವೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯೇ ಬೇರೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮೊದಲಾದ ಅದರ ಎಲ್ಲ ಕ್ಯಾಂಪಸ್‌ಗಳಿಗೂ ಸೇರಿ ಎಂಟು ಪ್ರಶ್ನೆಗಳಿದ್ದು, ನಾಲ್ಕಕ್ಕೆ ತಲಾ 350 ಪದಗಳೊಳಗೆ ಉತ್ತರಿಸಬೇಕು. ಇಲ್ಲಿ ಕಥನದ ಸೊಗಸಿಗಿಂತ ನೇರವಾದ ಉತ್ತರ ಮುಖ್ಯ. ಪ್ರಶ್ನೆ ನಾಯಕತ್ವದ ಬಗ್ಗೆ ಕೇಳಿದ್ದರೆ ಮೊದಲ ಎರಡು ವಾಕ್ಯಗಳಲ್ಲೇ ವಿಷಯಕ್ಕೆ ಬರಬೇಕು.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ‘ಯುಕಾಸ್’ ಅರ್ಜಿಯದು ಇನ್ನೊಂದು ಸ್ವಭಾವ. 2026ರ ಪ್ರವೇಶದಿಂದ ಅಲ್ಲಿ ಒಂದೇ ಉದ್ದನೆಯ ಹೇಳಿಕೆಯ ಬದಲು ಮೂರು ಪ್ರಶ್ನೆಗಳನ್ನು ಇಟ್ಟಿದ್ದಾರೆ: ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ, ನಿಮ್ಮ ಈವರೆಗಿನ ಓದು ಅದಕ್ಕೆ ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ ಮತ್ತು ಅದು ಹೇಗೆ ಉಪಯುಕ್ತ. ಮೂರೂ ಉತ್ತರಗಳು ಸೇರಿ ಖಾಲಿ ಜಾಗಗಳೂ ಒಳಗೊಂಡಂತೆ 4000 ಅಕ್ಷರಗಳನ್ನು ಮೀರಬಾರದು, ಪ್ರತಿಯೊಂದು ಉತ್ತರವೂ ಕನಿಷ್ಠ 350 ಅಕ್ಷರಗಳಷ್ಟಿರಬೇಕು. ಒಂದೇ ಅರ್ಜಿಯಲ್ಲಿ ಆರಿಸಿಕೊಳ್ಳಬಹುದಾದ ಐದು ಕೋರ್ಸುಗಳಿಗೂ ಇದೇ ಬರಹ ಹೋಗುವುದರಿಂದ ಯಾವುದೇ ಒಂದು ವಿಶ್ವವಿದ್ಯಾಲಯದ ಹೆಸರನ್ನು ಇದರಲ್ಲಿ ಎತ್ತಬಾರದು. ಅಮೆರಿಕದವರು ವ್ಯಕ್ತಿಯ ಬಗ್ಗೆ ಕೇಳಿದರೆ ಬ್ರಿಟನ್ನಿನವರು ಬಹುಮಟ್ಟಿಗೆ ವಿಷಯದ ಬಗ್ಗೆ ಕೇಳುತ್ತಾರೆ. ಒಂದರ ಪ್ರಬಂಧವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಎರಡೂ ಕಡೆ ಕೆಡುತ್ತದೆ. ಸ್ನಾತಕೋತ್ತರ ಪದವಿಗೆ ಕೇಳುವ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಬೇರೆಯದೇ ಬರಹವಾದ್ದರಿಂದ ಈ ಲೇಖನದಲ್ಲಿ ಅದನ್ನು ಸೇರಿಸಿಲ್ಲ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ

ಕಾಮನ್ ಆ್ಯಪ್ ಪ್ರತಿವರ್ಷ ಆಗಸ್ಟ್ 1ರಂದು ತೆರೆಯುತ್ತದೆ. ಬೇಗ ಅರ್ಜಿ ಹಾಕುವವರಿಗೆ ಅನೇಕ ಕಾಲೇಜುಗಳ ಗಡುವು ನವೆಂಬರ್ 1, ಉಳಿದವರಿಗೆ ಜನವರಿಯ ಮೊದಲ ದಿನಗಳು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗೆ ಅಕ್ಟೋಬರ್ 15 ಕೊನೆಯ ದಿನ. ಕ್ಯಾಲಿಫೋರ್ನಿಯಾದ ಅರ್ಜಿ ನವೆಂಬರ್ ಅಂತ್ಯದ ಹೊತ್ತಿಗೆ ಮುಗಿಯುತ್ತದೆ. ದ್ವಿತೀಯ ಪಿಯುವಿನಲ್ಲಿ ಇವೇ ತಿಂಗಳುಗಳಲ್ಲಿ ಮಧ್ಯವಾರ್ಷಿಕ ಪರೀಕ್ಷೆ, ಪ್ರಾಯೋಗಿಕ ತರಗತಿ, ಜನವರಿಯ ಜೆಇಇ ಎಲ್ಲವೂ ಬಂದು ಕೂಡುತ್ತವೆ. ಆದ್ದರಿಂದ ಪ್ರಥಮ ಪಿಯು ಮುಗಿದ ಏಪ್ರಿಲ್ ಮತ್ತು ಮೇ ತಿಂಗಳ ರಜೆಯೇ ಪ್ರಬಂಧದ ಕೆಲಸ ಶುರುಮಾಡಲು ಸರಿಯಾದ ಕಾಲ. ಅಕ್ಟೋಬರ್‌ನಲ್ಲಿ ರಾತ್ರಿ ಕೂತು ಬರೆದ ಪ್ರಬಂಧದಲ್ಲಿ ಆ ಅವಸರ ಎದ್ದು ಕಾಣುತ್ತದೆ.

ಬರೆಯುವುದಕ್ಕೆ ಮುನ್ನ ಸಾಮಗ್ರಿ ಕೂಡಿಸಿ, ಅದೂ ಕನ್ನಡದಲ್ಲಿ

ಈ ಹಂತವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು, ಎರಡು ವಾರ ಪ್ರತಿದಿನ ಅರ್ಧ ಗಂಟೆ, ಯಾರಿಗೂ ತೋರಿಸುವ ಉದ್ದೇಶವಿಲ್ಲದೆ ಬರೆಯಬೇಕು. ಮನೆಯಲ್ಲಿ ಕನ್ನಡ ಮಾತನಾಡುವವರು ಇದನ್ನು ಕನ್ನಡದಲ್ಲೇ ಬರೆಯುವುದು ಒಳ್ಳೆಯದು. ಅಮ್ಮ ಬೈದದ್ದು, ಅಪ್ಪ ಲೆಕ್ಕ ಬರೆಸಿದ್ದು, ಗೆಳತಿಯೊಡನೆ ಜಗಳವಾಡಿದ್ದು ಎಲ್ಲವೂ ಮನಸ್ಸಿನಲ್ಲಿ ಉಳಿದಿರುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆಯಲು ಕೂತ ಕೂಡಲೇ ಅನೇಕ ವಿದ್ಯಾರ್ಥಿಗಳಿಗೆ ನೆನಪಾಗುವುದು ತಮ್ಮ ಬದುಕಿಗಿಂತ ಪಠ್ಯಪುಸ್ತಕದ ವಾಕ್ಯಗಳು.

ಏನು ಬರೆಯಬೇಕು? ಯಾರೂ ಹೇಳದಿದ್ದರೂ ನೀವು ಮಾಡುವ ಕೆಲಸ ಯಾವುದು? ಮನೆಯಲ್ಲಿ ನಿಮ್ಮ ಪಾಲಿಗೆ ಬಿದ್ದಿರುವ, ನೀವಿಲ್ಲದಿದ್ದರೆ ನಿಂತುಹೋಗುವ ಕೆಲಸ ಯಾವುದು? ಇತ್ತೀಚೆಗೆ ಯಾವ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬದಲಾಯಿತು, ಅದನ್ನು ಬದಲಿಸಿದ್ದು ಏನು? ಯಾವ ಪ್ರಶ್ನೆಗೆ ಉತ್ತರ ಸಿಗದೆ ನೀವು ಮತ್ತೆ ಮತ್ತೆ ಅದರ ಬಳಿಗೇ ಹೋಗುತ್ತೀರಿ? ದೊಡ್ಡ ಘಟನೆಗಳನ್ನೇ ಹುಡುಕಬೇಕಾಗಿಲ್ಲ. ಹದಿನೇಳು ವರ್ಷದವರ ಬದುಕಿನಲ್ಲಿ ಅಂಥವು ಇಲ್ಲದಿರುವುದೇ ಸಹಜ ಎಂಬುದು ಓದುವವರಿಗೂ ಗೊತ್ತು.

ಎರಡು ವಾರದ ಬಳಿಕ ಬರೆದದ್ದನ್ನೆಲ್ಲ ಓದಿ, ಯಾವುದರಲ್ಲಿ ವಿವರಗಳು ತಾವಾಗಿಯೇ ಬಂದಿವೆ ಎಂಬುದನ್ನು ಗುರುತು ಮಾಡಿ. ಅರ್ಧ ಪುಟ ಬರೆದು ಮುಂದೇನೆಂದು ಯೋಚಿಸಬೇಕಾಗಿ ಬಂದ ವಿಷಯವನ್ನು ಬಿಟ್ಟುಬಿಡಿ. ಮೂರು ಪುಟ ಬರೆದರೂ ಮುಗಿಯದಿದ್ದದ್ದನ್ನು ಇಟ್ಟುಕೊಳ್ಳಿ.

ಆಯ್ಕೆಯಲ್ಲಿ ಎಚ್ಚರ ಬೇಕಾದ ಕೆಲವು ವಿಷಯಗಳಿವೆ. ಅಜ್ಜ ಅಥವಾ ಅಜ್ಜಿಯ ಬಗ್ಗೆ ಬರೆಯುವುದು ತಪ್ಪಲ್ಲ. ಆದರೆ ಎಷ್ಟೋ ಪ್ರಬಂಧಗಳಲ್ಲಿ ಅಜ್ಜನ ಚಿತ್ರ ಅಚ್ಚುಕಟ್ಟಾಗಿ ಮೂಡಿ, ಅರ್ಜಿ ಹಾಕಿದ ಮೊಮ್ಮಗಳು ಎಲ್ಲೂ ಕಾಣಿಸುವುದೇ ಇಲ್ಲ. ಕಾಲೇಜು ಸೇರಿಸಿಕೊಳ್ಳುವುದು ಮೊಮ್ಮಗಳನ್ನು. ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿ ‘ಬಡವರ ಕಷ್ಟ ಕಂಡು ಕಣ್ಣು ತೆರೆಯಿತು’ ಎಂದು ಬರೆಯುವಾಗ ಆ ಊರಿನ ಜನ ನಿಮ್ಮ ಅರಿವಿಗೆ ಉಪಕರಣವಾಗಿ ಮಾತ್ರ ಬಂದಿದ್ದಾರೆಯೇ ಎಂದು ಕೇಳಿಕೊಳ್ಳಿ. ಬಡತನ, ಕಾಯಿಲೆ, ಮನೆಯೊಳಗಿನ ಜಗಳ ಇಂಥವನ್ನು ಬರೆಯಲೇಬೇಕೆಂಬ ಒತ್ತಡ ಯಾರ ಮೇಲೂ ಇಲ್ಲ. ಅಪರಿಚಿತರ ಮುಂದೆ ತೆರೆದಿಡಲು ಮನಸ್ಸಿಲ್ಲದ ನೋವನ್ನು ಪ್ರವೇಶಕ್ಕಾಗಿ ಬಗೆಯಬೇಡಿ. ಹಣಕಾಸಿನ ನೆರವಿನ ಅಗತ್ಯವನ್ನು ಹೇಳಲು ‘ಸಿಎಸ್‌ಎಸ್ ಪ್ರೊಫೈಲ್’ನಂಥ ಪ್ರತ್ಯೇಕ ಅರ್ಜಿಗಳಿವೆ. ಅನಾರೋಗ್ಯದಿಂದಲೋ ಮನೆಯ ಪರಿಸ್ಥಿತಿಯಿಂದಲೋ ಒಂದು ವರ್ಷದ ಅಂಕ ಕುಸಿದಿದ್ದರೆ ಅದನ್ನು ನಾಲ್ಕು ಸರಳ ವಾಕ್ಯಗಳಲ್ಲಿ ವಿವರಿಸಲು ಕಾಮನ್ ಆ್ಯಪ್‌ನಲ್ಲೇ ಹೆಚ್ಚುವರಿ ಮಾಹಿತಿಯ ಜಾಗವಿದೆ. ಮುಖ್ಯ ಪ್ರಬಂಧವನ್ನು ಇವುಗಳಿಗೆ ವ್ಯಯಿಸಬೇಕಾಗಿಲ್ಲ.

ಕರಡು: ಒಂದು ಉದಾಹರಣೆಯೊಂದಿಗೆ

ತಿಪಟೂರು ಸೀಮೆಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಸಮೇತ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಈ ಹುಡುಗಿ ಮೊದಲ ಕರಡನ್ನು ಹೀಗೆ ಶುರುಮಾಡುತ್ತಾಳೆ:

“ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ. ರೈತ ಕುಟುಂಬದಲ್ಲಿ ಹುಟ್ಟಿದ ನಾನು ಪರಿಶ್ರಮದ ಮಹತ್ವವನ್ನು ನನ್ನ ತಾತನಿಂದ ಕಲಿತೆ.”

ಇದರಲ್ಲಿ ಸುಳ್ಳೇನಿಲ್ಲ, ವ್ಯಾಕರಣದ ತಪ್ಪೂ ಇಲ್ಲ. ಆದರೆ ಇದನ್ನು ರಾಜ್ಯದ ಯಾವ ಊರಿನ ಯಾವ ವಿದ್ಯಾರ್ಥಿಯಾದರೂ ಬರೆಯಬಹುದಿತ್ತು. ನೋಟ್‌ಬುಕ್ಕಿನಲ್ಲಿ ಆಕೆ ಕನ್ನಡದಲ್ಲಿ ಬರೆದಿಟ್ಟಿದ್ದ ಪುಟಕ್ಕೆ ಮರಳಿದಾಗ ಸಿಕ್ಕಿದ್ದು ಇದು:

“ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂಬುದನ್ನು ತಾತ ಕಿವಿಯಿಂದ ತಿಳಿಯುತ್ತಾರೆ. ಕೈಗೆತ್ತಿಕೊಂಡು ಅಲ್ಲಾಡಿಸಿದಾಗ ಒಳಗೆ ಗಿಟುಕು ಬಡಿದ ಸದ್ದು ಬಂದರೆ ಬಲಕ್ಕೆ, ಬಾರದಿದ್ದರೆ ಮತ್ತೆ ಅಟ್ಟಕ್ಕೆ. ಒಂಬತ್ತನೆಯ ತರಗತಿಯ ಬೇಸಿಗೆಯಲ್ಲಿ ನಾನು ಇಪ್ಪತ್ತು ಕಾಯಿಗಳಿಗೆ ನಂಬರು ಬರೆದು, ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗತೊಡಗಿದೆ. ತಾತನ ಕಿವಿಗಿಂತ ತಕ್ಕಡಿಯೇ ನಿಖರ ಎಂದು ತೋರಿಸಬೇಕೆಂಬ ಹಟ ನನಗೆ.”

ಇಲ್ಲಿ ವಿಜ್ಞಾನದ ಆಸಕ್ತಿ, ರೈತ ಕುಟುಂಬ, ತಾತ ಮೂರೂ ಇವೆ. ಆದರೆ ಮೊದಲೆರಡರ ಹೆಸರು ಹೇಳಬೇಕಾಗಿ ಬಂದಿಲ್ಲ. ಮೇಲಾಗಿ, ಹಟಮಾರಿತನದ ಒಂದು ಗುಣವೂ ಕಂಡು, ಮುಂದೇನಾಯಿತೆಂದು ತಿಳಿಯುವ ಕುತೂಹಲ ಓದುವವರಲ್ಲಿ ಹುಟ್ಟುತ್ತದೆ.

ಮುಂದಿನ ಭಾಗದಲ್ಲಿ ಆಕೆ ಏನು ಬರೆಯುತ್ತಾಳೆ ಎಂಬುದರ ಮೇಲೆ ಪ್ರಬಂಧದ ಬೆಲೆ ನಿಂತಿದೆ. ಕೆಲವು ಕಾಯಿಗಳ ತೂಕ ಇಳಿಯುವುದು ನಿಂತ ಮೇಲೂ ಅವು ಸದ್ದು ಮಾಡಲಿಲ್ಲವೆನ್ನಿ. ಆಗ ಆಕೆಗೆ ಮೊದಲು ಹೊಳೆದದ್ದೇನು? ತಕ್ಕಡಿ ಕೆಟ್ಟಿದೆಯೆಂದುಕೊಂಡಳೇ, ತಾತನನ್ನು ಕೇಳಿದಳೇ, ಕಾಯಿ ಒಡೆದು ನೋಡಿದಳೇ? ತಾನು ಅಳೆಯುತ್ತಿದ್ದದ್ದು ನೀರು ಆರುವುದನ್ನು, ತಾತ ಕೇಳುತ್ತಿದ್ದದ್ದು ತಿರುಳು ಬಿಟ್ಟುಕೊಳ್ಳುವುದನ್ನು, ಇವೆರಡೂ ಬೇರೆ ಬೇರೆ ಎಂಬುದು ಆಕೆಗೆ ಯಾವಾಗ, ಹೇಗೆ ತಿಳಿಯಿತು? ಈ ಯೋಚನೆಯ ಹೆಜ್ಜೆಗಳನ್ನು ಬಿಡದೆ ಬರೆದರೆ ಅವಳ ಬುದ್ಧಿ ಕೆಲಸ ಮಾಡುವ ರೀತಿ ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ‘ಇದರಿಂದ ನಾನು ಹಿರಿಯರ ಜ್ಞಾನವನ್ನು ಗೌರವಿಸಲು ಕಲಿತೆ’ ಎಂದು ಅಲ್ಲಿಗೇ ಮುಗಿಸಿಬಿಟ್ಟರೆ ಬಂದದ್ದೆಲ್ಲ ವ್ಯರ್ಥ. ಆಕೆ ಈಗ ಯಾವ ಪ್ರಶ್ನೆಯ ಹಿಂದೆ ಬಿದ್ದಿದ್ದಾಳೆ, ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಅಳತೆಯ ಬಗ್ಗೆ ಅನುಮಾನ ಬಂದಾಗ ಏನು ಮಾಡುತ್ತಾಳೆ ಎಂಬಲ್ಲಿಗೆ ಪ್ರಬಂಧ ಹೋಗಬೇಕು.

650 ಪದಗಳನ್ನು ಹಂಚುವಾಗ ಘಟನೆಗೆ ನೂರೈವತ್ತರ ಆಸುಪಾಸು, ಯೋಚನೆಗೆ ಮುನ್ನೂರರಿಂದ ಮುನ್ನೂರೈವತ್ತು, ಅದು ಈಗಿನ ಬದುಕಿನಲ್ಲಿ ಹೇಗೆ ಮುಂದುವರಿದಿದೆ ಎಂಬುದಕ್ಕೆ ಉಳಿದದ್ದು ಎಂದಿಟ್ಟುಕೊಂಡರೆ ಒಳ್ಳೆಯದು. ಸಾಮಾನ್ಯವಾಗಿ ಮೊದಲ ಕರಡಿನಲ್ಲಿ ಇದು ತಿರುಗುಮುರುಗಾಗಿ, ಘಟನೆಯೇ ಐನೂರು ಪದಗಳನ್ನು ತಿಂದಿರುತ್ತದೆ. ಮೊದಲ ಕರಡು ಸಾವಿರ ಪದಗಳಾದರೂ ಚಿಂತೆಯಿಲ್ಲ, ಕಡಿಯುವಾಗ ಮಾತ್ರ ಘಟನೆಯನ್ನು ಕಡಿಯಿರಿ, ಯೋಚನೆಯನ್ನು ಉಳಿಸಿ.

ಇದೇ ವಿದ್ಯಾರ್ಥಿನಿ ಯುಕಾಸ್ ಮೂಲಕ ಆಹಾರ ವಿಜ್ಞಾನಕ್ಕೆ ಅರ್ಜಿ ಹಾಕಿದರೆ ತಾತ, ಅಟ್ಟ, ಹಟ ಎಲ್ಲವೂ ಒಂದೆರಡು ವಾಕ್ಯಕ್ಕೆ ಇಳಿಯುತ್ತವೆ. ಇಪ್ಪತ್ತು ಕಾಯಿಗಳ ಪ್ರಯೋಗದಲ್ಲಿದ್ದ ಕೊರತೆ ಏನು, ತೇವಾಂಶದ ಬಗ್ಗೆ ಅನಂತರ ಆಕೆ ಏನು ಓದಿದಳು, ಪಿಯು ರಸಾಯನವಿಜ್ಞಾನದ ಯಾವ ಪಾಠ ಅದಕ್ಕೆ ನೆರವಾಯಿತು ಎಂಬುದೇ ಅಲ್ಲಿ ಮುಂದೆ ಬರುತ್ತದೆ.

ಕನ್ನಡದ ಸಾಮಗ್ರಿಯಿಂದ ಇಂಗ್ಲಿಷ್ ಪ್ರಬಂಧಕ್ಕೆ

ನೋಟ್‌ಬುಕ್ಕಿನ ಕನ್ನಡವನ್ನು ವಾಕ್ಯಕ್ಕೆ ವಾಕ್ಯವಾಗಿ ಅನುವಾದ ಮಾಡಬೇಡಿ. ಅದನ್ನು ಮುಚ್ಚಿಟ್ಟು, ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿರಿ. ನಿಮಗೆ ಗೊತ್ತಿರುವ ಸರಳ ಇಂಗ್ಲಿಷ್ ಸಾಕು. ನಿಘಂಟಿನಿಂದ ಹೆಕ್ಕಿದ ಭಾರವಾದ ಪದಗಳು ಸರಾಗ ಇಂಗ್ಲಿಷ್ ಇಲ್ಲದವರನ್ನು ಮರೆಮಾಡುವ ಬದಲು ಎತ್ತಿ ತೋರಿಸುತ್ತವೆ. ಅಟ್ಟ, ತಾತ, ಗಿಟುಕು ಇಂಥ ಒಂದೆರಡು ಪದಗಳನ್ನು ಹಾಗೆಯೇ ಉಳಿಸಿ, ವಾಕ್ಯದ ಸಂದರ್ಭದಿಂದಲೇ ಅರ್ಥವಾಗುವಂತೆ ಮಾಡಬಹುದು.

ನಮ್ಮ ಇಂಗ್ಲಿಷಿನ ಕೆಲವು ಬಳಕೆಗಳು ಅಲ್ಲಿ ದಾರಿ ತಪ್ಪಿಸುತ್ತವೆ. ‘ಪಾಸ್ ಔಟ್’ ಎಂದರೆ ಅಮೆರಿಕದವರಿಗೆ ಪ್ರಜ್ಞೆ ತಪ್ಪುವುದು. ‘ಟ್ಯೂಷನ್’ ಎಂದರೆ ಅವರಿಗೆ ಕಾಲೇಜಿನ ಶುಲ್ಕ. ಲಕ್ಷ, ಕೋಟಿಗಳ ಲೆಕ್ಕ ಅವರಿಗೆ ತಿಳಿಯದು. ಪಿಯುಸಿ ಎಂಬುದನ್ನು ಅವರ ಹನ್ನೊಂದು ಮತ್ತು ಹನ್ನೆರಡನೆಯ ತರಗತಿ ಎಂದು ಬರೆದರೆ ಸಾಕು.

ಯಾರಿಂದ ಓದಿಸಬೇಕು, ಯಾರಿಂದ ಬರೆಸಬಾರದು

ಕರಡನ್ನು ಮೊದಲು ನೀವೇ ಗಟ್ಟಿಯಾಗಿ ಓದಿಕೊಳ್ಳಿ. ನಾಲಿಗೆ ತೊಡರುವ ಕಡೆ ವಾಕ್ಯ ಕೆಟ್ಟಿರುತ್ತದೆ. ಆ ಬಳಿಕ ಮೂವರಿಗಿಂತ ಹೆಚ್ಚು ಜನಕ್ಕೆ ತೋರಿಸಬೇಡಿ. ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬರು ‘ಇದು ನೀನೇ’ ಎನ್ನುತ್ತಾರೆಯೇ ನೋಡಿ. ನಿಮ್ಮ ಪರಿಚಯವಿಲ್ಲದ ಒಬ್ಬರಿಗೆ ಕೊಟ್ಟು, ಓದಿ ಮುಗಿಸಿದ ಮೇಲೆ ಬರೆದವರ ಬಗ್ಗೆ ಏನು ತಿಳಿಯಿತೆಂದು ಕೇಳಿ. ಅವರ ಉತ್ತರಕ್ಕೂ ನೀವು ಹೇಳಬೇಕೆಂದಿದ್ದಕ್ಕೂ ಇರುವ ಅಂತರವೇ ಮುಂದಿನ ಕರಡಿನ ಕೆಲಸ. ಭಾಷೆಯನ್ನು ತಿದ್ದಲು ಇಂಗ್ಲಿಷ್ ಉಪನ್ಯಾಸಕರನ್ನು ಕೊನೆಯಲ್ಲಿ ಕೇಳಿಕೊಳ್ಳಿ. ಪದಗಳನ್ನು ಅಲಂಕರಿಸುವುದು ಬೇಡ, ತಪ್ಪುಗಳನ್ನಷ್ಟೇ ಗುರುತು ಮಾಡಿದರೆ ಸಾಕು ಎಂದು ಮೊದಲೇ ವಿನಂತಿಸಿ. ತಂದೆತಾಯಿಯರಿಗೆ ನನ್ನದೊಂದು ಪ್ರಾಮಾಣಿಕ ಕೋರಿಕೆಯಿದೆ: ಮಕ್ಕಳು ಬರೆದದ್ದರಲ್ಲಿ ಒಲಿಂಪಿಯಾಡ್ ಪದಕದ ಪ್ರಸ್ತಾಪ ಬಂದಿಲ್ಲವೆಂದು ಅದನ್ನು ತುರುಕಿಸಬೇಡಿ. ಪದಕಗಳಿಗೆ ಅರ್ಜಿಯಲ್ಲಿ ಬೇರೆ ಅಂಕಣವಿದೆ.

ಪ್ರಬಂಧ ಬರೆದುಕೊಡುತ್ತೇವೆಂದು ಹಣ ಕೇಳುವ ಕನ್ಸಲ್ಟೆಂಟ್‌ಗಳಿದ್ದಾರೆ, ಕ್ಷಣದಲ್ಲಿ ಪುಟ ತುಂಬಿಸಿಕೊಡುವ ಎಐ ಉಪಕರಣಗಳಿವೆ. ಅರ್ಜಿ ಸಲ್ಲಿಸುವಾಗ ಇದು ನನ್ನದೇ ಬರವಣಿಗೆ ಎಂದು ವಿದ್ಯಾರ್ಥಿ ದೃಢೀಕರಿಸಬೇಕಾಗುತ್ತದೆ. ಎಐ ಬರೆದದ್ದರ ಗಣನೀಯ ಭಾಗವನ್ನು ತನ್ನದೆಂದು ಸಲ್ಲಿಸುವುದನ್ನು ಕಾಮನ್ ಆ್ಯಪ್ ವಂಚನೆಯೆಂದೇ ತನ್ನ ನಿಯಮದಲ್ಲಿ ಹೇಳಿದೆ. ಯುಕಾಸ್ ಪ್ರತಿಯೊಂದು ಹೇಳಿಕೆಯನ್ನೂ ಹಿಂದಿನ ಅರ್ಜಿಗಳೊಡನೆ ಹೋಲಿಸಿ ನೋಡುತ್ತದೆ. ನಿಯಮದ ಮಾತು ಹಾಗಿರಲಿ, ಎಐಗೆ ನಿಮ್ಮ ಮನೆಯ ಅಟ್ಟ ಗೊತ್ತಿಲ್ಲ. ಅದು ಕೊಡುವುದು ಮೇಲೆ ತೋರಿಸಿದ ಮೊದಲ ಕರಡಿನಂಥ, ಎಲ್ಲರಿಗೂ ಸಲ್ಲುವ ಮಾತುಗಳನ್ನೇ. ಕಾಗುಣಿತ ನೋಡಿಕೊಳ್ಳಲು ಬಳಸುವುದಕ್ಕೂ ಬರೆಸುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬೇಡಿ. ಆಯಾ ಕಾಲೇಜಿನ ನಿಯಮವನ್ನೂ ಓದಿಕೊಳ್ಳಿ.

ಕಾಲೇಜುಗಳ ಸಣ್ಣ ಪ್ರಶ್ನೆಗಳು

‘ನಮ್ಮ ಕಾಲೇಜೇ ಏಕೆ?’ ಎಂಬ ಪ್ರಶ್ನೆಗೆ ರ್‍ಯಾಂಕಿಂಗ್, ಹವಾಮಾನ, ಕ್ಯಾಂಪಸ್ಸಿನ ಅಂದವನ್ನು ಬರೆಯಬೇಡಿ. ಆ ಕಾಲೇಜಿನ ಕೋರ್ಸುಗಳ ಪಟ್ಟಿ ತೆರೆದು, ನೀವು ನಿಜವಾಗಿ ಓದಬಯಸುವ ಎರಡನ್ನು ಹುಡುಕಿ, ಅವು ನಿಮ್ಮ ಯಾವ ಪ್ರಶ್ನೆಗೆ ಸಂಬಂಧಿಸಿವೆ ಎಂದು ಹೇಳಿ. ಬರೆದ ಮೇಲೆ ಕಾಲೇಜಿನ ಹೆಸರು ಬದಲಿಸಿ ಓದಿ ನೋಡಿ. ಆಗಲೂ ಉತ್ತರ ಸರಿಹೊಂದಿದರೆ ಮತ್ತೆ ಬರೆಯಬೇಕೆಂದೇ ಅರ್ಥ.

ಸಲ್ಲಿಸುವ ದಿನ

ಬೇರೆಡೆ ಬರೆದದ್ದನ್ನು ಅರ್ಜಿಯ ಪುಟಕ್ಕೆ ಅಂಟಿಸಿದಾಗ ಪ್ಯಾರಾಗಳ ನಡುವಿನ ಅಂತರ, ಉದ್ಧರಣ ಚಿಹ್ನೆಗಳು ಕೆಡಬಹುದು, ಪದಗಳ ಎಣಿಕೆಯಲ್ಲೂ ಒಂದೆರಡರ ವ್ಯತ್ಯಾಸ ಬರಬಹುದು. ಆದ್ದರಿಂದ ಅಂಟಿಸಿದ ಮೇಲೆ ಪೂರ್ವವೀಕ್ಷಣೆಯ ಪಿಡಿಎಫ್ ತೆರೆದು ಮೊದಲಿನಿಂದ ಕೊನೆಯವರೆಗೆ ಓದಿ. ಒಂದು ಕಾಲೇಜಿನ ಉತ್ತರದಲ್ಲಿ ಇನ್ನೊಂದರ ಹೆಸರು ಉಳಿದಿದೆಯೇ ಎಂದು ವಿಶೇಷವಾಗಿ ನೋಡಿ. ಕಾಮನ್ ಆ್ಯಪ್‌ನಲ್ಲಿ ಒಂದು ಕಾಲೇಜಿಗೆ ಸಲ್ಲಿಸಿದ ನಂತರವೂ ಮುಂದಿನ ಕಾಲೇಜುಗಳಿಗಾಗಿ ಮುಖ್ಯ ಪ್ರಬಂಧವನ್ನು ತಿದ್ದಬಹುದು. ಯುಕಾಸ್‌ನಲ್ಲಿ ಸಲ್ಲಿಸಿದ ಮೇಲೆ ಆ ಬರಹವನ್ನು ಬದಲಿಸಲು ಬರುವುದಿಲ್ಲ.

ಗಡುವಿನ ಗಂಟೆಯನ್ನೂ ಗುರುತಿಟ್ಟುಕೊಳ್ಳಿ. ಕಾಮನ್ ಆ್ಯಪ್‌ನಲ್ಲಿ ಗಡುವು ಸಾಮಾನ್ಯವಾಗಿ ಅರ್ಜಿದಾರರ ಸ್ಥಳೀಯ ಸಮಯದಲ್ಲಿ ರಾತ್ರಿ 11.59. ಯುಕಾಸ್‌ಗೆ ಬ್ರಿಟನ್ನಿನ ಸಂಜೆ 6 ಗಂಟೆ, ಅಂದರೆ ಅಕ್ಟೋಬರ್ ಗಡುವಿನ ದಿನ ನಮ್ಮ ರಾತ್ರಿ 10.30, ಜನವರಿಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗಿರುವುದರಿಂದ 11.30. ಕೊನೆಯ ರಾತ್ರಿ ವೆಬ್‌ಸೈಟ್ ನಿಧಾನವಾಗುವುದೂ, ಶುಲ್ಕ ಕಟ್ಟುವಾಗ ಅಪ್ಪನ ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ವಹಿವಾಟು ತೆರೆದಿಲ್ಲವೆಂದು ತಿಳಿಯುವುದೂ ಉಂಟು. ಬ್ಯಾಂಕಿನ ಆ ಕೆಲಸವನ್ನು ಒಂದು ವಾರ ಮೊದಲೇ ಮುಗಿಸಿ, ಗಡುವಿಗೆ ಎರಡು ದಿನ ಇರುವಾಗ ಅರ್ಜಿ ಸಲ್ಲಿಸಿ, ದೃಢೀಕರಣದ ಇಮೇಲ್ ಬಂದಿದೆಯೇ ಎಂದು ನೋಡಿಕೊಳ್ಳಿ.